ಜೇಡ ಹೆಣೆದ ಪಂದ್ಯ

ಕಾಗೆಗಳು ಗೂಡು ಕಟ್ಟಿದ್ದ ಆಲದ ಮರದಲ್ಲಿ ಜೇಡವೊಂದು ಬಲೆ ಹೆಣೆದು ಸಾರಿತು: "ಗೆಳೆಯರೇ, ನಿಮ್ಮ ನಿಮ್ಮಲ್ಲೇ ಪಂದ್ಯ ಕಟ್ಟಿ ಆಡಿ. ಒಂದು ತುತ್ತು ಅನ್ನ ಬಲೆಯ ಕೆಳಗಿಟ್ಟರೆ ಬಲೆಯಲ್ಲಿ ನಿಮ್ಮ ಪಾಲಿನ ಎಳೆಯ ಮೇಲೆ ಒಂದು ಮಂಜುಹನಿ ಹೊಳೆಯುತ್ತದೆ. ಸೋತವರ ಹನಿ ಗೆದ್ದವರಿಗೆ. ಈ ಹನಿಯೇ ನಮ್ಮ ನಾಣ್ಯ; ಇದಕ್ಕೆ ರಾಜನ ಮುದ್ರೆ ಬೇಡ, ಯಜಮಾನರೂ ಬೇಡ."

ಅನ್ನಕ್ಕೆ ನೊಣಗಳು ಮುತ್ತಿ ಬಲೆಗೆ ಬಿದ್ದವು. ನೊಣ ತಿಂದು ಜೇಡ ಕೊಬ್ಬಿತು.

ಹದ್ದನ್ನು ಮೊದಲು ಕಂಡ ಕಾಗೆ ಕೂಗಬೇಕು, ಉಳಿದವೆಲ್ಲ ಸೇರಿ ಅಟ್ಟಬೇಕು. ಅದು ಆ ಮರದ ಪದ್ಧತಿ. ಒಂದು ಬೆಳಿಗ್ಗೆ ಹದ್ದು ಬಂದಾಗ ಯಾರೂ ಕೂಗಲಿಲ್ಲ. ಮೇವಿಗೆ ಹೋಗಿದ್ದ ತಾಯಿ ಕಾಗೆ ಮರಳಿದಾಗ ಗೂಡು ಬರಿದಾಗಿತ್ತು.

"ಹದ್ದು ನಿಮಗೆ ಕಾಣಲಿಲ್ಲವೇ?"

"ಕಂಡಿತು ಅಕ್ಕಾ," ಎಂದಿತು ಪಕ್ಕದ ಗೂಡಿನ ಕಾಗೆ. "ಮರಿ ಉಳಿಯುತ್ತದೋ ಇಲ್ಲವೋ ಎಂದು ಪಂದ್ಯವಿತ್ತು. ಕೂಗಿದ್ದರೆ ಆಟ ಕೆಡುತ್ತಿತ್ತು."

"ಗೆದ್ದವರು ಯಾರು?"

"ನಾನೇ. ಉಳಿಯುವುದಿಲ್ಲ ಎಂದಿದ್ದೆ."

ಜೇಡ ನಡುವೆ ಬಾಯಿ ಹಾಕಿತು. "ನಾನು ಯಾರನ್ನೂ ಮುಟ್ಟಿಲ್ಲ. ಎಳೆ ಕಟ್ಟಿಕೊಟ್ಟೆ, ಅಷ್ಟೇ. ಆಡಿದ್ದು ಗೆಳೆಯರು."

"ಯಾರಿಗಾಗಿ ಕಟ್ಟಿದೆ ಎಂದು ನಿನ್ನ ಹೊಟ್ಟೆಯೇ ಹೇಳುತ್ತಿದೆ!" ತಾಯಿ ಕಾಗೆ ಬಲೆಯನ್ನು ಕೊಕ್ಕಿನಿಂದ ಹರಿದುಹಾಕಿತು. ಬಿಸಿಲೇರಿತ್ತು, ಗೆದ್ದ ಹನಿಗಳಲ್ಲಿ ಒಂದೂ ಉಳಿದಿರಲಿಲ್ಲ.

ಅಷ್ಟರಲ್ಲಿ ಹದ್ದು ಮತ್ತೆ ಬಂತು. ಅದರ ನೆರಳು ಗೆದ್ದ ಕಾಗೆಯ ಗೂಡಿನ ಮೇಲೆ ಬಿತ್ತು. ಕಾಗೆಗಳೆಲ್ಲ ತಾಯಿ ಕಾಗೆಯ ಮುಖ ನೋಡಿದವು.

"ಈಗ ಕಟ್ಟಿ ಪಂದ್ಯ, ನಾಚಿಕೆಗೆಟ್ಟವರೇ!" ಎಂದು ಗದರಿ, ತಾಯಿ ಕಾಗೆ ಎಲ್ಲರಿಗಿಂತ ಮೊದಲು ಕೂಗಿತು.