ಹುಲಿಗುಂದಿ ದಂಡಿನ ಮೀಸೆ ತುಪ್ಪ

ಹುಲಿಗುಂದಿ ಅನ್ನೋ ಸೀಮೆಯಲ್ಲಿ ಹಾಲಪ್ಪ ನಾಯಕ ಅಂತ ಒಬ್ಬ ದೊರೆ ಇದ್ದ. ಅವನ ದಂಡಿನಲ್ಲಿ ಕೆಂಚವೀರ ಅಂತ ಒಬ್ಬ ಬಂಟ ಇದ್ದ. ಕೆಂಚವೀರನ ಮೀಸೆ ಅಂದರೆ ಅಂತಿಂಥ ಮೀಸೆಯಲ್ಲ. ಎಡತುದಿಗೊಂದು ನಿಂಬೆಹಣ್ಣು, ಬಲತುದಿಗೊಂದು ನಿಂಬೆಹಣ್ಣು ಇಟ್ಟುಕೊಂಡು ಕುದುರೆ ಓಡಿಸಿದರೆ ಒಂದೂ ಉರುಳುತ್ತಿರಲಿಲ್ಲ. ಮನೆ ಬಾಗಿಲಲ್ಲಿ ಅವನು ನೆಟ್ಟಗೆ ಒಳಗೆ ಬರೋ ಹಾಗಿರಲಿಲ್ಲ, ಏಡಿಯ ಹಾಗೆ ಅಡ್ಡಡ್ಡ ಬರಬೇಕಾಗಿತ್ತು. ಸುಳ್ಳು ಅನ್ನೋರು ಈಗಲೇ ಎದ್ದು ಹೋಗಲಿ. ಕೂತವರು ಪೂರ್ತಿ ಕೇಳಲಿ.

ಹುಲಿಗುಂದಿಯಲ್ಲಿ ಒಂದು ಕಟ್ಟಳೆ ಇತ್ತು. ದಂಡಿನಲ್ಲಿ ಇದ್ದವನಿಗೆ ಬೆಳಗಾದರೆ ಒಂದು ಮಿಳ್ಳೆ ಹಸುವಿನ ತುಪ್ಪ. ಊಟಕ್ಕಲ್ಲ, ಮೀಸೆಗೆ. ತುಪ್ಪ ಹಚ್ಚಿ ಮೇಲಕ್ಕೆ ತೀಡಿದರೆ ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿ ಮೀಸೆ ಕೊಂಬಿನ ಹಾಗೆ ನಿಲ್ಲುತ್ತಿತ್ತು. ಮೀಸೆ ನಿಂತವನು ಮುಂದಿನ ಸಾಲಿಗೆ. ಮೀಸೆ ಬಿದ್ದವನು ಕುದುರೆ ಲಾಯಕ್ಕೆ, ಲದ್ದಿ ಬಾಚೋಕೆ. ದೊರೆಯ ತಾತನ ಕಾಲದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಒಂದು ಸಲ ಹುಲಿಗುಂದಿಗೂ ಪಕ್ಕದ ಕೊಡಲಿಕಲ್ಲು ಕೋಟೆಯವರಿಗೂ ಜಗಳ ಹತ್ತಿತು. ಗಡಿಯಲ್ಲಿ ಒಂದು ಹುಣಸೆಮರ ಇತ್ತು. ಮರ ಯಾರದು ಅಂತಲ್ಲ ಜಗಳ, ಮರದ ನೆರಳು ಯಾರದು ಅಂತ. ಬೆಳಗ್ಗೆ ನೆರಳು ಆ ಕಡೆ ಬೀಳುತ್ತಿತ್ತು, ಸಂಜೆ ಈ ಕಡೆ ಬೀಳುತ್ತಿತ್ತು. ಯಾರ ಕೈಯಲ್ಲಿ ತೀರ್ಮಾನ ಆಗುತ್ತೆ ಹೇಳಿ! ನಗಾರಿ ಬಡಿದೇ ಬಿಟ್ಟರು.

ಹುಲಿಗುಂದಿ ದಂಡು ಕೋಟೆ ಎದುರಿನ ಗುಡ್ಡದ ಮೇಲೆ ಮುತ್ತಿಗೆ ಹಾಕಿ ಕೂತಿತು. ಕೂತರು, ಕೂತರು, ಕೂತೇ ಕೂತರು. ಕತ್ತಿಯಲ್ಲಿ ಈರುಳ್ಳಿ ಹೆಚ್ಚಿದರು. ಗುರಾಣಿ ಬೋರಲು ಹಾಕಿ ರೊಟ್ಟಿ ಸುಟ್ಟರು. ಎರಡು ಈಟಿ ನೆಟ್ಟು ಹಗ್ಗ ಕಟ್ಟಿ ಪಂಚೆ ಒಣಹಾಕಿದರು. ಫಿರಂಗಿ ಬಾಯೊಳಗೆ ಒಂದು ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಾಗ, ಮರಿ ಹೊರಗೆ ಬರೋತನಕ ಗುಂಡು ಹಾರಿಸೋದು ಬೇಡ ಅಂತ ಎರಡು ಕಡೆಯವರೂ ಒಪ್ಪಿಕೊಂಡರು. ಬಂಟರೂ ಮಕ್ಕಳೊಂದಿಗರೇ ಅಲ್ಲವಾ!

ಆದರೆ ಒಂದು ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. ಹೊತ್ತು ಮೂಡಿದ ಕೂಡಲೇ ಅವರು ಕೋಟೆ ಗೋಡೆ ಮೇಲೆ, ಇವರು ಗುಡ್ಡದ ಮೇಲೆ, ಎದುರಾಬದುರು ನಿಂತು ಮೀಸೆ ತೋರಿಸಬೇಕು.

ಚಳಿಗಾಲ ಬಂತು. ಅದೇನಾಯಿತೋ, ಹುಲಿಗುಂದಿಯವರ ಮೀಸೆ ನಿಲ್ಲದೆ ಹೋಯಿತು. ಹಚ್ಚಿ ತೀಡಿದರೆ ಜಾರುತ್ತಿತ್ತು, ಮತ್ತೆ ತೀಡಿದರೆ ಮತ್ತೆ ಜಾರುತ್ತಿತ್ತು. ಮಳೆಗೆ ನೆನೆದ ಕೋಳಿಪುಕ್ಕದ ಹಾಗೆ ಬಾಯಿ ಮೇಲೆ ಜೋತುಬಿದ್ದು ತೊಟ್ಟಿಕ್ಕುತ್ತಿತ್ತು. ಕೋಟೆ ಮೇಲಿಂದ ಕೇಕೆ ಬಂತು.

“ಏನ್ರಪ್ಪಾ, ಮೀಸೆಗೆ ಜ್ವರ ಬಂತಾ? ಕಷಾಯ ಕಳಿಸೋಣವಾ?”

ಉಗ್ರಾಣ ನೋಡಿಕೊಳ್ಳುತ್ತಿದ್ದವನು ಸೂರಪ್ಪ. ದೊರೆಯ ಹೆಂಡತಿಯ ತಮ್ಮ. ಅವನೊಬ್ಬನ ಮೀಸೆ ಮಾತ್ರ ಚೇಳಿನ ಕೊಂಡಿಯ ಹಾಗೆ ನಿಂತಿತ್ತು. ಅವನು ಮಾಡಿದ್ದು ಇಷ್ಟೇ: ದಂಡಿಗೆ ಬಂದ ತುಪ್ಪವನ್ನೆಲ್ಲ ತನ್ನ ಡೇರೆಗೆ ಸಾಗಿಸಿ, ಕುಸುಬೆ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ, ವಾಸನೆಗೆ ಅಂತ ಮೇಲೊಂದು ಮಿಳ್ಳೆ ತುಪ್ಪ ಬಿಟ್ಟು ಬಂಟರಿಗೆ ಹಂಚುತ್ತಿದ್ದ. ಕದ್ದ ತುಪ್ಪದಲ್ಲಿ ಹೋಳಿಗೆ ಅದ್ದಿಕೊಂಡು ತಿನ್ನುತ್ತಿದ್ದ.

ಕೆಂಚವೀರ ಬೆರಳಲ್ಲಿ ಉಜ್ಜಿ ನೋಡಿದ. ಚಳಿಯಲ್ಲೂ ಹೆಪ್ಪುಗಟ್ಟದೆ ಇರೋದು ಎಂಥ ತುಪ್ಪ ಅಂದುಕೊಂಡ. ಸೀದಾ ಸೂರಪ್ಪನ ಹತ್ತಿರ ಹೋದ.

“ಬುದ್ಧೀ, ಇದು ತುಪ್ಪ ಅಲ್ಲ.”

“ಲೋ ಕೆಂಚ, ತುಪ್ಪ ಸರಿಯಾಗೇ ಇದೆ. ನಿನ್ನ ಮೀಸೆಗೆ ಮುಪ್ಪು ಬಂದಿದೆ. ನಡಿ ಲಾಯಕ್ಕೆ!”

ಮುಂದಿನ ಸಾಲಿನ ಬಂಟ ಲದ್ದಿ ಬುಟ್ಟಿ ಹೊತ್ತ. ಹೊತ್ತುಕೊಂಡೇ ದಳವಾಯಿ ಹತ್ತಿರ ಹೋದ. ದಳವಾಯಿ ಬಂಟರಿಗೆ ಹಂಚೋ ತುಪ್ಪದ ಗಡಿಗೆಗೆ ಮೂಗು ಹಾಕಿ ಮೂಸಿದ.

“ಘಮಘಮ ಅಂತಿದೆಯಲ್ಲೋ! ನಿನ್ನ ಬುಟ್ಟಿ ವಾಸನೆಗೆ ನಿನ್ನ ಮೂಗೇ ಕೆಟ್ಟಿದೆ, ಹೋಗು.”

ಮೂರನೇದಾಗಿ ದೊರೆಯ ಹತ್ತಿರವೇ ಹೋದ. ಅಷ್ಟರಲ್ಲಿ ಸೂರಪ್ಪ ಅಲ್ಲಿಗೆ ಬಂದು ಕೂತಿದ್ದ.

“ಭಾವ, ಇವನ ಮಾತು ಕೇಳಬೇಡಿ. ದಂಡು ಹೊರಟ ದಿನದಿಂದ ಒಂದೇ ತುಪ್ಪ ಕೊಡ್ತಿದ್ದೀನಿ. ಎದೆಯಲ್ಲಿ ಧೈರ್ಯ ಇಲ್ಲದವನ ಮೀಸೆ ಎಷ್ಟು ತುಪ್ಪ ಹಚ್ಚಿದರೂ ನಿಲ್ಲೋದಿಲ್ಲ. ಇವರೆಲ್ಲ ಹೇಡಿಗಳು.”

ದೊರೆಗೆ ಕೋಟೆಯವರ ಕೇಕೆ ಇನ್ನೂ ಕಿವಿಯಲ್ಲಿತ್ತು. ರೇಗಿಬಿಟ್ಟ.

“ಹಾಗಾದರೆ ನಾಳೆ ಇಡೀ ದಂಡಿನ ಮೀಸೆ ಬೋಳಿಸಿ ಮನೆಗೆ ಅಟ್ಟುತ್ತೀನಿ!”

ಅಯ್ಯೋ ಶಿವನೇ! ಬೋಳು ಮುಖ ಹೊತ್ತು ಊರಿಗೆ ಹೋದರೆ ಹೆಂಡತಿ ಬಾಗಿಲು ತೆಗೀತಾಳಾ? ನಾಯಿ ಗುರುತು ಹಿಡಿಯುತ್ತಾ? ಆದರೆ ಕೆಂಚವೀರ ಅಳುಕಲಿಲ್ಲ. ಬುಟ್ಟಿ ಕೆಳಗಿಟ್ಟು ಕೈಮುಗಿದ.

“ಬುದ್ಧೀ, ನಾಳೆ ಒಂದು ಪರೀಕ್ಷೆ ಆಗಲಿ. ತುಪ್ಪ ಸಾಚಾ ಅಂತಾದರೆ ಮೊದಲು ನನ್ನ ಮೀಸೆಯೇ ಬೋಳಿಸಿ. ಮೂರೇ ಮೂರು ಮಾತು ನಡೆಸಿಕೊಡಿ. ಗಡಿಗೆಯನ್ನ ಸೂರಪ್ಪನವರೇ ಆರಿಸಿ ತರಲಿ. ಬೋಳಿಸೋ ಮೊದಲು ಆ ತುಪ್ಪ ಇಡೀ ದಂಡಿಗೆ ಹಚ್ಚಲಿ. ಹಚ್ಚಿದ ಮೇಲೆ ಯಾರೂ ಮೀಸೆ ಮುಟ್ಟದ ಹಾಗೆ ಎಲ್ಲರ ಕೈ ಹಿಂದಕ್ಕೆ ಕಟ್ಟಲಿ.”

ಸೂರಪ್ಪ ಒಳಗೊಳಗೇ ನಕ್ಕ. ದೊರೆ ಆಗಲಿ ಅಂದ.

ಹೊರಗೆ ಬಂದ ಕೂಡಲೇ ಜೊತೆಗಾರ ಸೀಬ ಕೆಂಚವೀರನ ರಟ್ಟೆ ಹಿಡಿದ.

“ಅಣ್ಣೋ, ಬುದ್ಧಿಯನ್ನ ಲದ್ದಿ ಜೊತೆ ಬಾಚಿ ಹಾಕಿದ್ಯಾ? ಗಡಿಗೆ ಅವನೇ ತಂದರೆ ಒಳ್ಳೇ ತುಪ್ಪಾನೇ ತರ್ತಾನೆ!”

“ತರಲಿ ಅಂತಲೇ ಕೇಳಿದ್ದು ಕಣಲೇ. ನೀನು ಸುಮ್ಮನೆ ಮೀಸೆ ತೊಳಕೊಂಡು ಬಾ.”

ಮಾರನೇ ದಿನ ಬೆಳಗ್ಗೆ ಎಂಥ ಚಳಿ ಅಂತೀರಿ! ಬಂಟರ ಬಾಯಿಂದ ಬಂದ ಹಬೆ ನೋಡಿ, ಒಲೆ ಹತ್ತಿತು ಅಂದುಕೊಂಡು ಅಡುಗೆಯವರು ಮುದ್ದೆಗೆ ಎಸರಿಟ್ಟರು. ದೊರೆ ಬಂದು ಕೂತ. ದಂಡಿನ ಕ್ಷೌರದ ಸಿದ್ದ ಕತ್ತಿ ಮಸೆಯುತ್ತಾ ಕೂತ. ಸೂರಪ್ಪ ಗಡಿಗೆ ಹೊರಿಸಿಕೊಂಡು ಬಂದು ಬಾಯಿಬಟ್ಟೆ ಬಿಚ್ಚಿದ. ಘಮ್ಮಂತು ನೋಡಿ! ಎದುರು ಕೋಟೆಯಲ್ಲಿ ಕಾವಲಿಗಿದ್ದವರು ವಾಸನೆಗೇ ಒಣರೊಟ್ಟಿ ನಂಚಿಕೊಂಡು ತಿಂದರು.

ಕೆಂಚವೀರ ಕೇಳಿದ, “ಬುದ್ಧೀ, ದಿನಾ ಕೊಟ್ಟಿದ್ದು ಇದೇ ತುಪ್ಪವಾ?”

“ಇದೇ ತುಪ್ಪ.”

ದಳವಾಯಿ ನಾಲಿಗೆಗೆ ಹಚ್ಚಿ ನೋಡಿ ಸಾಚಾ ಅಂದ. ಕೆಂಚವೀರ ಮತ್ತೆ ಕೇಳಿದ, “ನಿನ್ನೆ ಕೊಟ್ಟಿದ್ದೂ ಇದೇನಾ?”

“ಇದೇ ತುಪ್ಪ!”

“ಮೊನ್ನೆ?”

“ಎಷ್ಟು ಸಲ ಹೇಳಲೋ? ಇದೇ, ಇದೇ ತುಪ್ಪ!”

ದೊರೆ ಅಂದ, “ಕೆಂಚ, ತುಪ್ಪ ಸಾಚಾ. ನೀನು ಸೋತೆ.”

“ಸೋತೆ ಬುದ್ಧೀ. ಕೊಟ್ಟ ಮಾತಿನಂತೆ ಮೊದಲು ದಂಡಿಗೆ ಹಚ್ಚಲಿ.”

ಎಲ್ಲರ ಕೈ ಹಿಂದಕ್ಕೆ ಕಟ್ಟಿದರು. ಸಿದ್ದ ಸಾಲುದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಹಚ್ಚಿ, ಒಂದೇ ಸಲ ಮೇಲಕ್ಕೆ ತೀಡಿ ಮುಂದಕ್ಕೆ ಹೋದ. ಗುಡ್ಡದ ಗಾಳಿ ಬೀಸಿತು. ಒಂದು ಮೀಸೆ ನಿಂತಿತು. ಪಕ್ಕದ್ದು ನಿಂತಿತು. ಆಮೇಲೆ ಕೇಳಬೇಡಿ, ಸಾಲಿಗೆ ಸಾಲೇ ನಿಂತಿತು! ಲಾಯದ ಮುದುಕನ ನರೆಮೀಸೆಯೂ ನಿಂತಿತು. ಕೆಂಚವೀರನ ಮೀಸೆ ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ಸೀಬನ ರುಮಾಲು ಹಾರಿ ದೂರ ಬಿತ್ತು. ಕೋಟೆ ಮೇಲಿನವರ ಕೇಕೆ ಗಂಟಲಲ್ಲೇ ನಿಂತಿತು.

ಸಿದ್ದ ಕತ್ತಿ ಹಿಡಿದು ಕೆಂಚವೀರನ ಮುಂದೆ ಬಂದ. ಕೆಂಚವೀರ ದೊರೆಯ ಕಡೆ ತಿರುಗಿದ.

“ಬುದ್ಧೀ, ಬೋಳಿಸೋ ಮೊದಲು ಒಂದು ಮಾತು. ನಿನ್ನೆ ಸೂರಪ್ಪನವರು ನಮ್ಮನ್ನ ಹೇಡಿಗಳು, ಅದಕ್ಕೇ ಮೀಸೆ ಬಿದ್ದಿದೆ ಅಂದರು. ಬೆಳಗಾಗೋದರೊಳಗೆ ಇಷ್ಟು ಜನಕ್ಕೂ ಧೈರ್ಯ ಎಲ್ಲಿಂದ ಬಂತು? ದಿನಾ ಇದೇ ತುಪ್ಪ ಕೊಟ್ಟಿದ್ದರೆ ದಿನಾ ಹೀಗೇ ನಿಲ್ಲಬೇಕಾಗಿತ್ತು ಅಲ್ಲವಾ?”

ದೊರೆ ಸಾಲು ನೋಡಿದ. ಗಡಿಗೆ ನೋಡಿದ. ಸೂರಪ್ಪನನ್ನ ನೋಡಿದ.

“ಭಾವ, ಅದು… ಇವತ್ತು ಚಳಿ ಜಾಸ್ತಿ…”

“ಚಳಿ ನಿನ್ನೆಯೂ ಇತ್ತು.”

“ಗಾಳಿ…”

“ಗಾಳಿ ನಿನ್ನೆಯೂ ಇತ್ತು. ತುಪ್ಪ ಇತ್ತೇನೋ?”

ಸೂರಪ್ಪ ಎಣ್ಣೆ ತಂದಿದ್ದರೆ ಎಣ್ಣೆಯಲ್ಲಿ ಸಿಕ್ಕಿಬೀಳುತ್ತಿದ್ದ, ತುಪ್ಪ ತಂದು ತುಪ್ಪದಲ್ಲೇ ಸಿಕ್ಕಿಬಿದ್ದ. ಡೇರೆ ಶೋಧಿಸಿದರು. ಮಂಚದ ಕೆಳಗೆ ಗಡಿಗೆಯೋ ಗಡಿಗೆ! ಅರ್ಧ ಕಚ್ಚಿದ ಹೋಳಿಗೆ ಒಂದರಲ್ಲಿ ಇನ್ನೂ ತೇಲುತ್ತಿತ್ತು.

ದೊರೆ ಎದ್ದು ನಿಂತು ಸೂರಪ್ಪನ ಕಡೆ ಬೆರಳು ತೋರಿಸಿದ. “ಸಿದ್ದ, ಒಂದು ಕಡೆ ಮಾತ್ರ ಬೋಳಿಸು. ಇನ್ನೊಂದು ಕಡೆ ಇರಲಿ, ಏನು ಕಳಕೊಂಡೆ ಅಂತ ದಿನಾ ನೆನಪಾಗಲಿ.”

ಒಂಟಿಮೀಸೆ ಸೂರಪ್ಪ ಬುಟ್ಟಿ ಹಿಡಿದು ಲಾಯದ ದಾರಿ ಹಿಡಿದ. ಕೆಂಚವೀರ ಮುಂದಿನ ಸಾಲಿಗೆ ಬಂದು, ಕೈ ಬಿಚ್ಚಿಸಿಕೊಂಡು, ಹೂಂ ಅಂತ ಒಂದು ಸಲ ಹೂಂಕರಿಸಿದ. ಅಷ್ಟಕ್ಕೇ ಕೊಡಲಿಕಲ್ಲಿನವರು ಕೋಟೆ ಬಾಗಿಲು ತೆರೆದು, ಸಂಧಿ ಮಾಡ್ಕೊಳ್ಳೋಣ ಬನ್ನಿ ಅಂದರು. ಒಂದು ಹನಿ ರಕ್ತ ಬೀಳಲಿಲ್ಲ. ಗೆದ್ದ ದಂಡು ಊರಿಗೆ ಬಂದಾಗ ದೊರೆ ಹೊಸದೊಂದು ಕಟ್ಟಳೆ ಮಾಡಿದ: ಬಂಟರಿಗೆಲ್ಲ ಹಚ್ಚಿ ಆದಮೇಲೆ ಉಳಿದದ್ದೇ ಉಗ್ರಾಣದವನ ಪಾಲು.

ಅದಕ್ಕೇ ಕೇಳ್ರಪ್ಪ, ದುಡಿಯೋರ ಪಾಲು ಕದ್ದು ಆಮೇಲೆ ಅವರನ್ನೇ ಕೈಲಾಗದವರು ಅಂತ ಹಳಿಯಬಾರದು. ಅವರ ಪಾಲು ಅವರಿಗೆ ಸಿಕ್ಕ ದಿನವೇ ಕದ್ದವನ ಬಣ್ಣ ಬಯಲಾಗುತ್ತೆ. ಇಷ್ಟೇ ಕಥೆ. ಇದನ್ನ ನಂಬಿದವರ ಮೀಸೆ ನೂರು ಕಾಲ ನಿಲ್ಲಲಿ, ಮೀಸೆ ಇಲ್ಲದವರ ಮಾತು ನಿಲ್ಲಲಿ!