ನಾಲ್ಕನೇ ಎಲೆ

ಎಂಟು ದೋಣಿ ಕಡವು, ಎಂಟು ಕಂಪ್ಯೂಟರ್. ಅಮಾವಾಸ್ಯೆಯೊಳಗೆ ಎಂಟೂ ಹೊಳೆಯ ನೀರಿನ ಮಟ್ಟ ಹೇಳಬೇಕು. ಇಲ್ಲವಾದರೆ ಮಳೆಗಾಲವಿಡೀ ದೋಣಿಗಳು ದಡದಲ್ಲೇ. ಆಶ್ರಮ ದೋಣಿಯವರಿಗೆ ಕೊಟ್ಟ ಮಾತು ಇಷ್ಟೇ. ಕೆಲಸ ಹೊತ್ತವನು ಶಿಷ್ಯ ಈರಯ್ಯ.

ನೀರಳೆಯುವ ಯಂತ್ರದ ತಂತಿ ಒಂದು ಅಡಾಪ್ಟರ್ ಕಾರ್ಡಿಗೆ ಬರುತ್ತದೆ. ಕಂಪ್ಯೂಟರಿನೊಳಗೆ ಬಸ್ ಎಂಬ ಸಾಲಿದೆ. ಅದರ ಯಾವುದೋ ಒಂದು ಸ್ಲಾಟಿನಲ್ಲಿ ಕಾರ್ಡು ಕೂರುತ್ತದೆ. ಎಲ್ಲದರ ಯಜಮಾನಿಕೆ ಕರ್ನಲ್ ಎಂಬ ಮೂಲ ತಂತ್ರಾಂಶದ್ದು. ಕಾರ್ಡನ್ನು ಮಾತಾಡಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಈರಯ್ಯ ಬರೆದು ಆ ಕರ್ನಲ್ಲಿಗೆ ಸೇರಿಸಿದ್ದ. ಆಶ್ರಮದಲ್ಲಿ ಅದು ಗಿಳಿಯ ಹಾಗೆ ಮಾತಾಡಿತ್ತು.

ಕಡವುಗಳಲ್ಲಿ ಒಂದೇ ಮಾತಾಡಿತು. ಏಳು ಬಾಯಿಬಿಡಲಿಲ್ಲ.

ಮೂರು ದಿನ ಉಳಿದಾಗ ಅವನು ಗುರು ರೇವಣಾರ್ಯರ ಮುಂದೆ ಬಂದು ಕೂತ. ನಾಲ್ಕನೇ ಸ್ಲಾಟಿಗೆ ಹಾಕಿ ಎಂದರೆ ಕೈಗೆ ಸಿಕ್ಕಲ್ಲಿ ತುರುಕಿದ್ದಾರೆ, ಕಡವಿನವರಿಗೆ ಲೆಕ್ಕವೇ ಬಾರದು ಎಂದು ದೂರಿದ.

"ಡ್ರೈವರಿಗೆ ಏನು ಹೇಳಿಕೊಟ್ಟೆ?"

"ನಾಲ್ಕನೆಯದರಲ್ಲಿ ಕೂತವನೇ ನಮ್ಮವನು ಅಂತ, ಬುದ್ಧಿ."

ಗುರುಗಳು ಎದ್ದರು. ಪಂಕ್ತಿಗೆ ಈ ಹೊತ್ತು ನೀನೇ ಬಡಿಸು ಎಂದರು. ಹೊಸದಾಗಿ ಬಂದಿರುವ ನಂಜವ್ವನಿಗೆ ವೈದ್ಯರು ಉಪ್ಪು ಬಿಡಿಸಿದ್ದಾರೆ, ಚಿಕ್ಕ ಪಾತ್ರೆಯ ಸಪ್ಪೆ ಸಾರು ಅವಳಿಗೆ, ನಿನ್ನೆ ನಾಲ್ಕನೇ ಎಲೆಗೆ ಕೂತಿದ್ದಳು ಎಂದೂ ಹೇಳಿದರು.

ಬಡಿಸುವವನಿಗೆ ಕಾಣುವುದು ಎಲೆ, ಮುಖವಲ್ಲ. ಈರಯ್ಯ ಬಗ್ಗಿ, ಎಣಿಸಿ, ನಾಲ್ಕನೇ ಎಲೆಗೆ ಸಪ್ಪೆ ಸಾರು ಬಿಟ್ಟ.

ಅಲ್ಲಿದ್ದವನು ದೋಣಿಯ ಮರಿಸ್ವಾಮಿ. ಒಂದು ತುತ್ತಿಗೇ ಮುಖ ಸಿಂಡರಿಸಿದ.

"ಏನಯ್ಯಾ, ಕಡವಿನ ಮೇಲಿನ ಸಿಟ್ಟನ್ನು ಸಾರಿನಲ್ಲಿ ತೀರಿಸಿಕೊಂಡೆಯಾ?"

ಪಂಕ್ತಿಯೆಲ್ಲ ನಕ್ಕಿತು. ಈರಯ್ಯ ಮುಂದೆ ಸರಿದು ಏಳನೇ ಎಲೆಗೆ ದೊಡ್ಡ ಪಾತ್ರೆಯ ಸಾರೆತ್ತಿದಾಗ ಗುರುಗಳು ಸೌಟು ಹಿಡಿದುಕೊಂಡರು. ಎಲೆಯ ಹಿಂದೆ ಒಬ್ಬ ಮುದುಕಿ ಕೂತಿದ್ದಳು.

"ನಂಜವ್ವ ಇವಳು."

"ನಾಲ್ಕನೇ ಎಲೆ ಅಂದಿರಿ, ಬುದ್ಧಿ."

"ಕಾಯಿಲೆ ಎಲೆಗಿಲ್ಲ ಕಣಯ್ಯ."

ಈರಯ್ಯ ದೊಡ್ಡ ಪಾತ್ರೆಯನ್ನು ಕೆಳಗಿಟ್ಟ. ಆಮೇಲೆ ನಂಜವ್ವನನ್ನು ಹೆಸರು ಹಿಡಿದು ಮಾತಾಡಿಸಿ, ಸಪ್ಪೆ ಸಾರು ಬಡಿಸಿದ.

ಅಂದೇ ಸ್ಲಾಟಿನ ಸಂಖ್ಯೆಯನ್ನು ಅಳಿಸಿಹಾಕಿದ. ಪ್ರತಿ ಕಾರ್ಡೂ ತನ್ನ ಹೆಸರು, ಮನೆತನವನ್ನು ಮೈಯಲ್ಲೇ ಹೊತ್ತಿರುತ್ತದೆ; ಕೇಳಿದರೆ ಹೇಳುತ್ತದೆ. ಸಾಲಿನಲ್ಲಿ ಯಾರು ಯಾರು ಬಂದಿದ್ದಾರೆಂದು ಕರ್ನಲ್ ಕೇಳಿಕೊಂಡು ಬರುತ್ತದೆ. ಯಾವ ಹೆಸರಿನವರು ತನ್ನವರೆಂದು ಡ್ರೈವರ್ ಮೊದಲೇ ತಿಳಿಸಿಟ್ಟಿದ್ದರೆ ಸಾಕು, ಇಬ್ಬರನ್ನೂ ಕೂಡಿಸುವುದು ಕರ್ನಲ್ಲಿನ ಹೊಣೆ. ಈರಯ್ಯ ಹಾಗೆಯೇ ಬರೆದು ಎಂಟೂ ಕಡವಿಗೆ ಕಳಿಸಿದ.

ಅಮಾವಾಸ್ಯೆಯ ಬೆಳಗ್ಗೆ ಎಂಟೂ ಕಡವು ನೀರಿನ ಮಟ್ಟ ಹೇಳಿದವು. ದೋಣಿಗಳು ಹೊರಟವು.

ಈರಯ್ಯ ಬಂದು ಗುರುಗಳ ಕಾಲಿಗೆ ಬಿದ್ದ. ಎಲ್ಲ ನಿಮ್ಮ ಕೃಪೆ ಎಂದ.

"ಕಂಡ ಸ್ಲಾಟಿಗೆ ಹಾಕಿದರಲ್ಲ, ಆ ಏಳು ಕಡವಿನವರಿಗೆ ಮೊದಲು ಕೈಮುಗಿದು ಬಾ," ಎಂದರು ಗುರುಗಳು. "ಅವರೂ ನೀನು ಹೇಳಿದಲ್ಲೇ ಹಾಕಿದ್ದರೆ ನಿನಗೆ ದಕ್ಕುತ್ತಿದ್ದದ್ದು ಎಂಟು ಕಡವು, ಅಷ್ಟೇ. ಈಗ ಎಲ್ಲಿ ಕೂತರೂ ನಿನ್ನವನನ್ನು ಗುರುತಿಸುತ್ತೀಯ."