ತಿಪ್ಪೆಯ ಮುಂದೆ ಲೆಟಿಸ್

“ಹೋಟೆಲಿಗೆ ದಾರಿ ಯಾವುದು? ದೂರದಿಂದಲೇ ಹೇಳಿ,” ಎಂದು ವ್ಯಾನಿನಿಂದ ಬಿದ್ದು ದಾರಿ ತಪ್ಪಿದ ಲೆಟಿಸ್ ಎಂಬ ಸಲಾಡ್ ಸೊಪ್ಪಿನ ಗಿಡ ಮೂಗು ಮುಚ್ಚಿಕೊಂಡು ತಿಪ್ಪೆಯನ್ನು ಕೇಳಿತು. “ನಾನು ಮಣ್ಣು ಮುಟ್ಟದೆ ಬರೀ ನೀರಿನಲ್ಲಿ ಬೆಳೆದವಳು. ಬಾಡುವ ಮೊದಲು ತಟ್ಟೆ ಸೇರಬೇಕು.”

“ಬರೀ ನೀರು ಕುಡಿದು ಇಷ್ಟು ಮೈ ತುಂಬಿಕೊಂಡೆಯಾ ತಾಯಿ?” ತಿಪ್ಪೆ ನಕ್ಕಿತು. “ನನ್ನೊಳಗಿನ ಹೊಟ್ಟು, ಸಿಪ್ಪೆ, ಸಗಣಿಯನ್ನು ಕೊಳೆಸಿ, ಅದರ ರಸವನ್ನು ಬಟ್ಟೆಯಲ್ಲಿ ಸೋಸಿ ನಿನ್ನನ್ನು ಬೆಳೆಸುವವರು ಆ ನೀರಿಗೆ ಬೆರೆಸುತ್ತಾರೆ. ನಿನ್ನ ಬೇರು ಮೂಸಿ ನೋಡು.”

ಲೆಟಿಸ್ ಮೂಸಿತು. ಅದೇ ವಾಸನೆ. ತಲೆ ತಾನಾಗಿ ತಗ್ಗಿತು.

“ಬಲಕ್ಕೆ ತಿರುಗು, ಹೋಟೆಲು ಸಿಗುತ್ತದೆ,” ಎಂದಿತು ತಿಪ್ಪೆ.

ಲೆಟಿಸ್ ಹೊರಡಲಿಲ್ಲ. ತನ್ನ ಅತಿ ದೊಡ್ಡ ಎಲೆಗಳನ್ನು ಕಿತ್ತು ತಿಪ್ಪೆಯ ಮೇಲಿಟ್ಟಿತು.

“ಬೋಳಾಗಿ ಹೋದರೆ ಹೋಟೆಲಿನವರು ಬೇಡ ಅಂತಾರೆ ಕಣೇ!”

“ಅನ್ನಲಿ. ನಿಮ್ಮದು ನಿಮಗೆ ಸೇರಲಿ,” ಎಂದು ಲೆಟಿಸ್ ತಲೆಯೆತ್ತದೆ ಉಳಿದ ಎಲೆಗಳನ್ನೂ ಕೀಳತೊಡಗಿತು.